ಕೆಣಕುವ ವೇಷವೂ ಗಲ್ಲಾಪೆಟ್ಟಿಗೆಯೂ

ಗಣೇಶನ ಹಬ್ಬ ಬರಲಿ, ತೇರುಮಲ್ಲೇಶ್ವರನ ಜಾತ್ರೆ ಬರಲಿ, ರಾಜ್ಯೋತ್ಸವ ಬರಲಿ, ವಂತಿಗೆ ಪುಸ್ತಕ ಹೊರಬಿದ್ದೊಡನೆ ಅದರ ಹಿಂದೆಯೇ ಒಂದು ತಕರಾರೂ ಹೊರಬೀಳುವುದು ನಮ್ಮ ಊರುಗಳಲ್ಲಿ ವಾಡಿಕೆ. ಸಂಜೆಯ ಕಾರ್ಯಕ್ರಮಕ್ಕೆ ಯಾರನ್ನು ಕರೆಸುವುದು? ಹಿರಿಯರಿಗೆ ಹಳೆಯ ಚಿತ್ರಗೀತೆಗಳ ಆರ್ಕೆಸ್ಟ್ರಾ ಬೇಕು. ಹುಡುಗರಿಗೆ ರಾಕ್ ಬ್ಯಾಂಡು ಬೇಕು. ವಂತಿಗೆ ಕೊಡತಕ್ಕ ಅಂಗಡಿಯವರು ಆ ಬ್ಯಾಂಡಿನವರ ಕರಿಯ ಅಂಗಿ, ಬಿಟ್ಟ ಕೂದಲು, ಎದೆಯ ಮೇಲಿನ ತಲೆಬುರುಡೆಯ ಚಿತ್ರ ನೋಡಿ, “ಇಂಥ ವೇಷದವರು ಬಂದರೆ ಹೆಂಗಸರು ಮಕ್ಕಳು ಬರುತ್ತಾರೆಯೇ ಸ್ವಾಮಿ? ಜನವೇ ಬಾರದಿದ್ದರೆ ನಾವು ಕೊಟ್ಟ ದುಡ್ಡಿಗೆ ಬೆಲೆಯೇನು?” ಎನ್ನುತ್ತಾರೆ.

ಇದು ನೀತಿಯ ಪ್ರಶ್ನೆಯಂತೆ ಕಂಡರೂ ನಿಜವಾಗಿ ವ್ಯಾಪಾರದ ಪ್ರಶ್ನೆ. ಕೆಣಕುವ ವೇಷ, ಕೆರಳಿಸುವ ಮಾತು, ಹೆದರಿಸುವ ಹೆಸರು, ಇವು ಒಂದು ಸಂಗೀತ ಮೇಳದ ಗಳಿಕೆಗೆ ಕುತ್ತೋ ಅಥವಾ ಗೊಬ್ಬರವೋ? ವ್ಯಾಪಾರದ ಪ್ರಶ್ನೆಯನ್ನು ವ್ಯಾಪಾರಿಯಂತೆಯೇ ಜಮಾಖರ್ಚಿನ ಪುಸ್ತಕ ಬಿಚ್ಚಿ ನೋಡುವುದು ಲೇಸೆಂದು ನಾವು ಭಾವಿಸುತ್ತೇವೆ. ಉಪದೇಶ ಮಾಡುವವರು ಬೇರೆ ಬೇಕಾದಷ್ಟು ಮಂದಿ ಇದ್ದಾರೆ.

ರಾಕ್ ಎಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು. ವಿದ್ಯುತ್ ಗಿಟಾರು, ಡ್ರಮ್ಮು, ಒಬ್ಬ ಹಾಡುಗಾರ. ಒಟ್ಟು ನಾಲ್ಕೈದು ಜನರ ಮೇಳ. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನೋವಿನ ಹಾಡಿನಲ್ಲಿ ಬೇರು ಬಿಟ್ಟು, 1950ರ ದಶಕದಲ್ಲಿ ಬಿಳಿಯ ಹುಡುಗರ ಕೈಗೂ ಬಂದು, ಅಲ್ಲಿಂದ ಇಂಗ್ಲೆಂಡಿಗೆ, ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿದ ಸಂಗೀತವಿದು. ಹತ್ತಿಯ ಧೂಳು ಕುಡಿದ ನಮ್ಮ ಗಿರಣಿಯ ಬಂಧುಗಳಿಗೆ ಅದರ ಮೂಲ ಅಷ್ಟೇನೂ ಪರಕೀಯವಾಗಿ ತೋರಬೇಕಾಗಿಲ್ಲ. ಹುಟ್ಟಿದಂದಿನಿಂದಲೂ ‘ಹುಡುಗರನ್ನು ಕೆಡಿಸುತ್ತದೆ’ ಎಂಬ ದೂರು ಅದರ ಬೆನ್ನಿಗಿದೆ.

ಮೊದಲು ಜಮೆಯ ಕಡೆ ನೋಡೋಣ. 1962ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ರೋಲಿಂಗ್ ಸ್ಟೋನ್ಸ್ ಮೇಳಕ್ಕೆ ಸಿಕ್ಕ ಮ್ಯಾನೇಜರು ಬಲು ಚತುರ. ಆಗ ಬೀಟಲ್ಸ್ ಮೇಳದವರು ಒಂದೇ ಬಗೆಯ ಸೂಟು ತೊಟ್ಟು ಒಳ್ಳೆಯ ಹುಡುಗರೆಂದು ಹೆಸರಾಗಿದ್ದರು. ಅದಕ್ಕೆ ಎದುರಾಗಿ ತನ್ನ ಹುಡುಗರು ಪೋಕರಿಗಳೆಂದು ಪತ್ರಿಕೆಗಳಲ್ಲಿ ಹೆಸರಾಗುವಂತೆ ಆತ ಬೇಕೆಂದೇ ನೋಡಿಕೊಂಡ. ಹೆತ್ತವರು ಬೈದಷ್ಟೂ ಮಕ್ಕಳು ಟಿಕೆಟ್ಟು ಕೊಂಡರು. ನಾಲ್ಕು ದಶಕ ಕಳೆದ ಮೇಲೆ, 2003ರ ಏಪ್ರಿಲ್ 4ರಂದು, ಅದೇ ಮೇಳ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಪೋಕರಿಗಳೆಂಬ ಹೆಸರು ನಲವತ್ತು ವರ್ಷ ಅನ್ನ ಹಾಕಿತ್ತು.

ಐರನ್ ಮೇಡನ್ ಎಂಬ ಇನ್ನೊಂದು ಇಂಗ್ಲಿಷ್ ಮೇಳದ ಕಥೆ ಕೇಳಿ. ಬೈಬಲ್ಲಿನಲ್ಲಿ ಬರುವ ಕೇಡಿನ ಮೃಗದ ಸಂಖ್ಯೆಯನ್ನೇ ಹೆಸರಾಗಿಟ್ಟು 1982ರಲ್ಲಿ ಅವರೊಂದು ಧ್ವನಿಮುದ್ರಿಕೆ ಹೊರತಂದರು. ಮುಖಪುಟದ ಮೇಲೆ ಸೈತಾನನ ಚಿತ್ರ. ಅಮೆರಿಕದಲ್ಲಿ ಧಾರ್ಮಿಕ ಗುಂಪುಗಳು ಬೀದಿಗಿಳಿದು ಆ ತಟ್ಟೆಗಳನ್ನು ಸುಟ್ಟವು. ಸುಡಬೇಕಾದರೂ ಮೊದಲು ಕೊಳ್ಳಬೇಕಷ್ಟೆ! ಆ ಮುದ್ರಿಕೆ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. 2007ರ ಮಾರ್ಚ್ 17ರಂದು ಅದೇ ಮೇಳ ಬೆಂಗಳೂರಿಗೆ ಬಂದಾಗ ದೇಶದ ಮೂಲೆಮೂಲೆಯಿಂದ ಹುಡುಗರು ರೈಲು ಬಸ್ಸು ಹತ್ತಿ ಬಂದು ಮೈದಾನ ತುಂಬಿದರು. 2009ರಲ್ಲಿ ಅವರು ಮತ್ತೊಮ್ಮೆ ಬಂದರು. ಬರಿಯ ವೇಷದಿಂದ ವ್ಯಾಪಾರ ಕೆಡುವುದಾದರೆ ಇವರಿಗೆ ಮೊದಲು ಕೆಡಬೇಕಾಗಿತ್ತು.

ಹಾಗಾದರೆ ಹುಡುಗರ ಮಾತೇ ಸರಿ ಎಂದು ಪುಸ್ತಕ ಮುಚ್ಚಬಹುದೇ? ಆಗದು. ಜಮೆಯಾದ ಹಣ ಯಾರ ಹೆಸರಿಗೆ ಜಮೆಯಾಯಿತೆಂದು ನೋಡದೆ ಲೆಕ್ಕ ಮುಗಿಯುವುದಿಲ್ಲ.

1975ರಲ್ಲಿ ಲಂಡನ್ನಿನಲ್ಲಿ ಸೆಕ್ಸ್ ಪಿಸ್ತೂಲ್ಸ್ ಎಂಬ ಮೇಳ ಹುಟ್ಟಿತು. ಹುಡುಗರು ಬಡ ಕೇರಿಗಳವರು. ನಡೆಸಿದವನು ಬಟ್ಟೆ ಅಂಗಡಿಯಿಟ್ಟಿದ್ದ ಒಬ್ಬ ವ್ಯಾಪಾರಿ. ಹರಿದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುವ ಆ ವೇಷ ಅವನ ಅಂಗಡಿಗೂ ಜಾಹೀರಾತಾಯಿತು. 1976ರ ಡಿಸೆಂಬರ್ 1ರ ಸಂಜೆ ದೂರದರ್ಶನದ ಸಂದರ್ಶನವೊಂದರಲ್ಲಿ ಹುಡುಗರು ಬೈಗುಳ ಆಡಿದರು. ಮರುದಿನ ದೇಶವೆಲ್ಲ ಗದ್ದಲ. ಗೊತ್ತಾಗಿದ್ದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ರದ್ದಾದವು. ಊರುಊರಿನ ಪುರಸಭೆಗಳು ಸಭಾಂಗಣ ಕೊಡಲಿಲ್ಲ. ಇಎಂಐ ಕಂಪನಿ 1977ರ ಜನವರಿಯಲ್ಲಿ ಕರಾರು ಮುರಿಯಿತು. ಮಾರ್ಚಿಯಲ್ಲಿ ಎ ಅಂಡ್ ಎಂ ಎಂಬ ಇನ್ನೊಂದು ಕಂಪನಿ ಕರಾರು ಮಾಡಿಕೊಂಡು ಒಂದೇ ವಾರದಲ್ಲಿ ಕೈಬಿಟ್ಟಿತು. ಎರಡು ಕಂಪನಿಗಳೂ ಕರಾರು ಮುರಿದದ್ದಕ್ಕೆ ಹಣ ತೆತ್ತವು. ಮೂರನೆಯ ಕಂಪನಿ ವರ್ಜಿನ್. ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ ಸರಿಯಾಗಿ, 1977ರ ಮೇ ತಿಂಗಳಲ್ಲಿ, ರಾಣಿಯನ್ನೇ ಅಣಕಿಸುವ ಹಾಡು ಹೊರಬಂತು. ಬಿಬಿಸಿ ಅದನ್ನು ಬಿತ್ತರಿಸಲು ಒಪ್ಪಲಿಲ್ಲ. ಬಿತ್ತರವಾಗದ ಆ ಹಾಡು ಮಾರಾಟದಲ್ಲಿ ಎರಡನೆಯ ಸ್ಥಾನಕ್ಕೇರಿತು. ಅಕ್ಟೋಬರಿನಲ್ಲಿ ಬಂದ ಮುದ್ರಿಕೆ ಮೊದಲನೆಯ ಸ್ಥಾನ ಹಿಡಿಯಿತು.

ಆದರೆ ಪಾಪ, ಪೆಟ್ಟು ತಿಂದವರು ಯಾರು? ಆ ಮುದ್ರಿಕೆಯ ಹೆಸರಿನಲ್ಲಿ ಒಂದು ಒರಟು ಮಾತಿತ್ತು. ಅದರ ಭಿತ್ತಿಚಿತ್ರವನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ತಪ್ಪಿಗೆ ನಾಟಿಂಗ್‌ಹ್ಯಾಮ್ ನಗರದ ಒಂದು ರೆಕಾರ್ಡ್ ಅಂಗಡಿಯ ಮ್ಯಾನೇಜರು ಕಟಕಟೆ ಹತ್ತಬೇಕಾಯಿತು. ಪೊಲೀಸರು ಹುಡುಕಿ ತೆಗೆದದ್ದು 1889ರ ಅಶ್ಲೀಲ ಜಾಹೀರಾತು ಕಾಯಿದೆಯನ್ನು. ಆ ಮಾತು ಹಳೆಯ ಇಂಗ್ಲಿಷಿನಲ್ಲಿ ಬೇರೆ ಅರ್ಥಕ್ಕೂ ಬಳಕೆಯಲ್ಲಿತ್ತೆಂದು ಭಾಷಾಪಂಡಿತರೊಬ್ಬರು ಸಾಕ್ಷಿ ನುಡಿದು, 1977ರ ನವೆಂಬರಿನಲ್ಲಿ ಆತ ಬಿಡುಗಡೆಯಾದ. ಲಕ್ಷಗಟ್ಟಲೆ ಲಾಭ ಕಂಪನಿಯದು, ಕಟಕಟೆ ಅಂಗಡಿಯವನದು. ಇದನ್ನು ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ಮರೆಯಬಾರದು.

ಹುಡುಗರ ಗತಿ? 1978ರ ಜನವರಿಯಲ್ಲಿ ಮೇಳ ಒಡೆಯಿತು. ತಮ್ಮ ದುಡಿಮೆಯ ಹಣಕ್ಕಾಗಿ ಮ್ಯಾನೇಜರನ ಮೇಲೆ ಮೊಕದ್ದಮೆ ಹೂಡಿ, ಅದು ಇತ್ಯರ್ಥವಾಗಿ ಹಕ್ಕು ಅವರ ಕೈಗೆ ಬರಲು 1986 ಆಗಬೇಕಾಯಿತು. ಕೆಣಕಿದ ಬಾಯಿ ಅವರದು. ಕೆಣಕಿನ ಕೂಲಿ ಒಂಬತ್ತು ವರ್ಷ ಬೇರೆಯವರ ಹಿಡಿತದಲ್ಲಿತ್ತು.

ಈ ಕಥೆಯಲ್ಲಿ ಗಿರಣಿಯವರಿಗೂ ಒಂದು ಪಾಠವಿದೆ. ದೂರದರ್ಶನದ ಆ ಗದ್ದಲದ ನಂತರ ಇಎಂಐ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಲಕೋಟೆಗೆ ತುಂಬುತ್ತಿದ್ದ ಹೆಂಗಸರು ಈ ಮೇಳದ ತಟ್ಟೆಯನ್ನು ಮುಟ್ಟಲು ಒಪ್ಪದೆ ಕೈಕಟ್ಟಿ ನಿಂತರು. ಅವರನ್ನು ಹಿಂದುಳಿದವರೆಂದು ಹಳಿಯಲು ನಮಗೆ ಮನಸ್ಸಿಲ್ಲ. ತಾವು ತಯಾರಿಸುವ ಸರಕಿನ ಬಗ್ಗೆ ತಮಗೂ ಒಂದು ಮಾತಿದೆ ಎಂದು ತೋರಿಸುವುದು ದುಡಿಯುವವರ ಹಕ್ಕೇ ಸರಿ. ಆದರೆ ಅವರ ಕೋಪ ಹಾಡುವ ಹುಡುಗರ ಮೇಲೆ ಹರಿಯಿತೇ ಹೊರತು, ಆ ಕೋಪವನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ಹರಿಯಲಿಲ್ಲ.

ಇನ್ನೊಂದು ಎಚ್ಚರಿಕೆ. ಕೆಣಕಿ ಗೆದ್ದವರ ಹೆಸರು ಲೋಕಕ್ಕೆಲ್ಲ ಗೊತ್ತು; ಕೆಣಕಿ ಮುಳುಗಿದವರ ಹೆಸರು ಯಾರಿಗೂ ಗೊತ್ತಿಲ್ಲ. ಲಾಟರಿ ಗೆದ್ದವನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಟಿಕೆಟ್ಟು ಹರಿದೆಸೆದವರ ಚಿತ್ರ ಬರುವುದಿಲ್ಲ. ಪೋಕರಿ ವೇಷ ತೊಟ್ಟರೆ ಸಾಕು, ಹಣ ತಾನಾಗಿ ಬರುತ್ತದೆಂದು ನಂಬಿ ಕೆಲಸ ಬಿಟ್ಟು ಹೊರಡುವ ಹುಡುಗರಿಗೆ ಈ ಮಾತು.

ಇನ್ನು ಖರ್ಚಿನ ಕಡೆ. ಕೆಣಕಿದ್ದರಿಂದ ನಿಜವಾಗಿ ವ್ಯಾಪಾರ ಕೆಟ್ಟವರೂ ಉಂಟು. ಅವರ ಪಟ್ಟಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ.

1992ರಲ್ಲಿ ಅಮೆರಿಕದ ಬಾಡಿ ಕೌಂಟ್ ಎಂಬ ಕಪ್ಪು ಜನರ ರಾಕ್ ಮೇಳ, ಪೊಲೀಸರ ದೌರ್ಜನ್ಯಕ್ಕೆ ಸಿಟ್ಟಾಗಿ ಅವರನ್ನು ಕೊಲ್ಲುವ ಮಾತಾಡುವ ಒಂದು ಹಾಡು ಹಾಡಿತು. ಆ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ನಡೆದದ್ದನ್ನು ಗಮನಿಸಿ. ಹಾಡಿಗೆ ಗಿರಾಕಿಗಳ ಕೊರತೆಯಿರಲಿಲ್ಲ. ಗದ್ದಲದ ನಡುವೆ ಮುದ್ರಿಕೆ ಚೆನ್ನಾಗಿಯೇ ಮಾರಾಟವಾಯಿತು. ಪೊಲೀಸ್ ಸಂಘಗಳು ಹೋದದ್ದು ಗಿರಾಕಿಯ ಬಳಿಗಲ್ಲ, ಒಡೆಯನಾದ ಟೈಮ್ ವಾರ್ನರ್ ಕಂಪನಿಯ ಬಾಗಿಲಿಗೆ. ಕಂಪನಿಯ ಎಲ್ಲ ಸರಕುಗಳನ್ನೂ ಬಹಿಷ್ಕರಿಸುವ ಕರೆ ಬಂತು. ಅದೇ ಜುಲೈ ಕೊನೆಯ ಹೊತ್ತಿಗೆ ಹಾಡು ಮುದ್ರಿಕೆಯಿಂದ ಹೊರಬಿತ್ತು. ಮರುವರ್ಷ ಹಾಡುಗಾರನೇ ಕಂಪನಿಯಿಂದ ಹೊರಬಿದ್ದ.

2003ರ ಮಾರ್ಚ್ 10ರಂದು, ಇರಾಕ್ ಯುದ್ಧಕ್ಕೆ ಹತ್ತು ದಿನ ಮೊದಲು, ಟೆಕ್ಸಾಸಿನ ಡಿಕ್ಸಿ ಚಿಕ್ಸ್ ಎಂಬ ಮೂವರು ಹೆಂಗಸರ ಮೇಳ ಲಂಡನ್ನಿನ ವೇದಿಕೆಯ ಮೇಲಿತ್ತು. ಅವರದು ರಾಕ್ ಅಲ್ಲ, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ. ವೇಷದಲ್ಲಿ ಕೆಣಕುವಂಥದು ಏನೂ ಇರಲಿಲ್ಲ. ತಮ್ಮ ಅಧ್ಯಕ್ಷ ಟೆಕ್ಸಾಸಿನವನೆಂಬುದು ತಮಗೆ ನಾಚಿಕೆಯೆಂಬ ಅರ್ಥದ ಒಂದೇ ಒಂದು ಮಾತು ಅವರಲ್ಲೊಬ್ಬರ ಬಾಯಿಂದ ಬಂತು. ಆ ಒಂದು ಮಾತಿಗೆ ಅವರ ತಟ್ಟೆಗಳನ್ನು ಬುಲ್‌ಡೋಜರಿನ ಕೆಳಗೆ ಹಾಕಿ ಪುಡಿಮಾಡಿದರು. ಕ್ಯುಮುಲಸ್ ಎಂಬ ಕಂಪನಿ ತನ್ನ ಒಡೆತನದ ಕಂಟ್ರಿ ರೇಡಿಯೋ ಕೇಂದ್ರಗಳಿಂದೆಲ್ಲ ಅವರ ಹಾಡನ್ನು ಕಿತ್ತುಹಾಕಿತು. ಒಂದೇ ಕಂಪನಿ ನೂರಾರು ರೇಡಿಯೋ ಕೇಂದ್ರಗಳ ಒಡೆಯನಾಗಲು 1996ರ ಕಾನೂನೊಂದು ಅಲ್ಲಿ ದಾರಿ ತೆರೆದಿತ್ತು. ಅದಿಲ್ಲದಿದ್ದರೆ ಒಂದು ಕೋಣೆಯಲ್ಲಿ ಕುಳಿತವರ ತೀರ್ಮಾನಕ್ಕೆ ದೇಶದ ಕಿವಿ ಮುಚ್ಚುವುದು ಅಷ್ಟು ಸುಲಭವಾಗುತ್ತಿರಲಿಲ್ಲ. 2007ರಲ್ಲಿ ಅದೇ ಮೇಳಕ್ಕೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು ಎಂಬುದು ನಿಜ. ಆದರೆ ಕಂಟ್ರಿ ರೇಡಿಯೋದ ಹಳೆಯ ಬಾಗಿಲು ಮೊದಲಿನಂತೆ ತೆರೆಯಲಿಲ್ಲ.

ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೈತಾನನ ಚಿತ್ರ ಬರೆದವರು ಗೆದ್ದರು. ಪೊಲೀಸರನ್ನು, ಯುದ್ಧವನ್ನು, ಅಧ್ಯಕ್ಷನನ್ನು ಮುಟ್ಟಿದವರಿಗೆ ಪೆಟ್ಟು ಬಿತ್ತು. ಆ ಪೆಟ್ಟಿನ ಮೊದಲ ಏಟು ಬಂದದ್ದು ಸರಕಿನ ದಾರಿಯ ನಡುವೆ ಬಾಗಿಲು ಕಾಯುವವನಿಂದ: ಕಂಪನಿ, ರೇಡಿಯೋದ ಒಡೆಯ, ಸಭಾಂಗಣದ ಒಡೆಯ, ಪ್ರಾಯೋಜಕ. ಬಾಗಿಲು ಕಾಯುವವನಿಗೆ ವೇಷ ಬೇಡವೆಂದಿಲ್ಲ, ವೇಷ ಮಾರಾಟವಾಗುತ್ತದೆ. ಅವನಿಗೆ ಬೇಡವಾದದ್ದು ಹಲ್ಲು. ರೋಲಿಂಗ್ ಸ್ಟೋನ್ಸ್ ಮೇಳವನ್ನೇ ನೋಡಿ. 1967ರ ಜನವರಿಯಲ್ಲಿ ಅಮೆರಿಕದ ದೂರದರ್ಶನದವರು ಹಾಡಿನ ಒಂದು ಸಾಲು ಬದಲಾಯಿಸಿ ಎಂದಾಗ ಆ ಪೋಕರಿಗಳು ಸುಮ್ಮನೆ ಬದಲಾಯಿಸಿ ಹಾಡಿದರು. 1981ರ ಅವರ ಅಮೆರಿಕ ಪ್ರವಾಸಕ್ಕೆ ಒಂದು ಸುಗಂಧದ್ರವ್ಯ ಕಂಪನಿ ಪ್ರಾಯೋಜಕನಾಯಿತು. ಬಂಡಾಯದ ಬೆವರಿಗೆ ಅತ್ತರು ಬಳಿದರೆಂದರೆ ಸರಿ.

ಇದೆಲ್ಲ ಸಮುದ್ರದಾಚೆಯ ಮಾತಾಯಿತು, ನಮ್ಮಲ್ಲಿ ಹೇಗೆ ಎಂದು ಕೇಳಬಹುದು. ನಮ್ಮಲ್ಲಿ ರಾಕ್ ಬ್ಯಾಂಡು ಹುಟ್ಟುವ ಮೊದಲೇ ಈ ಪರೀಕ್ಷೆಯನ್ನು ಕಂಪನಿ ನಾಟಕದವರು ಬರೆದು ಮುಗಿಸಿದ್ದಾರೆ. ಮಾಸ್ಟರ್ ಹಿರಣ್ಣಯ್ಯನವರ ಹೆಸರು ಕೇಳದ ಹಿರಿಯರು ನಮ್ಮ ಸೀಮೆಯಲ್ಲಿ ಇರಲಾರರು. ತಂದೆ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡ ಮೇಲೆ ಅವರ ಮಿತ್ರಮಂಡಳಿಯನ್ನು ಹೊತ್ತು ನಡೆಸಿದ ಮಗ, ‘ಲಂಚಾವತಾರ’ದಲ್ಲಿ ಮಂತ್ರಿಯಿಂದ ಹಿಡಿದು ಜವಾನನವರೆಗೆ ಯಾರನ್ನೂ ಬಿಡಲಿಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಹಗರಣ ರಾತ್ರಿಯ ಆಟದಲ್ಲಿ ಸಂಭಾಷಣೆಯಾಗುತ್ತಿತ್ತು. ಬಾಯಿ ಬಿಗಿಹಿಡಿಯದವರೆಂಬ ಹೆಸರು ಅವರಿಗಿತ್ತು; ಆ ಹೆಸರಿನಿಂದ ವ್ಯಾಪಾರ ಕೆಟ್ಟಿತೇ? ಸಾವಿರಾರು ಪ್ರದರ್ಶನಗಳ ಲೆಕ್ಕ ನಾಡಿಗೇ ಗೊತ್ತು. 2019ರ ಮೇ 2ರಂದು ಅವರು ಕಣ್ಣುಮುಚ್ಚುವವರೆಗೂ ‘ಲಂಚಾವತಾರ’ ಎಂದರೆ ಹಿರಣ್ಣಯ್ಯ, ಹಿರಣ್ಣಯ್ಯ ಎಂದರೆ ‘ಲಂಚಾವತಾರ’.

ಅವರು ಉಳಿದದ್ದು ಹೇಗೆ? ಅಧಿಕಾರದವರಿಗೆ ಸಿಟ್ಟು ಬಂದಿರಲಿಲ್ಲವೆಂದಲ್ಲ. ಆಕ್ಷೇಪಾರ್ಹ ನಾಟಕವನ್ನು ತಡೆಯುವ ಕಾನೂನೂ ಇತ್ತು. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯಿದೆ ಸ್ವಾತಂತ್ರ್ಯ ಬಂದು ಎಷ್ಟೋ ದಶಕ ಕಳೆದರೂ ಪುಸ್ತಕದಲ್ಲೇ ಇತ್ತು. ಸಂಸತ್ತು ಅದನ್ನು ಕಿತ್ತುಹಾಕಲು ಕೈಯಿಟ್ಟದ್ದು 2017ರಲ್ಲಿ. ನಮ್ಮ ರಾಜ್ಯವೂ 1964ರಲ್ಲಿ ತನ್ನದೇ ಒಂದು ನಾಟಕ ಪ್ರದರ್ಶನ ಕಾಯಿದೆ ಮಾಡಿಕೊಂಡಿತ್ತು. ಆದರೆ ನಾಟಕ ಕಂಪನಿಯ ಹಣ ಬರುತ್ತಿದ್ದುದು ಗೇಟಿನಲ್ಲಿ, ನೆಲಕ್ಕೆ ಇಷ್ಟು, ಬೆಂಚಿಗೆ ಇಷ್ಟು, ಕುರ್ಚಿಗೆ ಇಷ್ಟು ಎಂದು. ನೆಲದ ಮೇಲೆ ಕುಳಿತ ಕೂಲಿಯವನ ಚಿಲ್ಲರೆ ಕಾಸು ರಾತ್ರಿ ರಾತ್ರಿಯೂ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದವರೆಗೆ, ಹಾಡು ಬದಲಿಸು, ಮಾತು ನುಂಗು ಎಂದು ಹೇಳುವ ಒಡೆಯ ಮಧ್ಯದಲ್ಲಿರಲಿಲ್ಲ. ಲಂಚ ಕೊಟ್ಟು ಬೇಸತ್ತವನೇ ಟಿಕೆಟ್ಟು ಕೊಂಡು ಲಂಚಕೋರನಿಗೆ ಬೀಳುವ ಏಟನ್ನು ನೋಡಿ ನಕ್ಕ. ಆ ನಗುವೇ ಕಂಪನಿಯ ಬಂಡವಾಳ.

ಅದೇ ಕಂಪನಿ ನಾಟಕಗಳಲ್ಲಿ ಇನ್ನೊಂದು ಬಗೆಯ ಕೆಣಕೂ ಬೆಳೆಯಿತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ನಿಲ್ಲುವ ಥಿಯೇಟರುಗಳ ಬೋರ್ಡು ಓದಿದವರಿಗೆ ದ್ವಂದ್ವಾರ್ಥದ ಹೆಸರುಗಳ ಪೈಪೋಟಿ ಗೊತ್ತಿದೆ. ಅದೂ ಟಿಕೆಟ್ಟು ಮಾರುತ್ತದೆ. ಆದರೆ ಅಲ್ಲಿ ಏಟು ಬೀಳುವುದು ಯಾರಿಗೆ? ಪಾತ್ರ ಮಾಡಿ ಹೊಟ್ಟೆ ಹೊರೆಯುವ ಹೆಣ್ಣುಮಗಳಿಗೆ. ಮೇಲಿನವನನ್ನು ಕೆಣಕುವುದು ಒಂದು, ಕೆಳಗಿನವಳನ್ನು ಕೆಣಕುವುದು ಇನ್ನೊಂದು. ಗಲ್ಲಾಪೆಟ್ಟಿಗೆಯ ಸದ್ದು ಎರಡಕ್ಕೂ ಒಂದೇ. ನಮ್ಮ ತೂಕ ಒಂದೇ ಆಗಬಾರದು.

ಈಗ ಬೆಂಗಳೂರಿನ ರಾಕ್ ಮೇಳಗಳ ಕಡೆ ಬರೋಣ. ಅಲ್ಲಿ ಹೆಸರು ಕೆಟ್ಟು ವ್ಯಾಪಾರ ಕೆಟ್ಟದ್ದು ಉಂಟು. ತಮಾಷೆಯೆಂದರೆ ಕೆಟ್ಟದ್ದು ಅವರ ವೇಷದಿಂದಲ್ಲ, ಒಂದು ಪದದಿಂದ. ಲೋಕದಲ್ಲೆಲ್ಲ ‘ಲೈವ್ ಬ್ಯಾಂಡ್’ ಎಂದರೆ ಜನರೆದುರು ವಾದ್ಯ ನುಡಿಸುವ ಮೇಳ. ಬೆಂಗಳೂರಿನಲ್ಲಿ ಆ ಮಾತಿಗೆ ಹೆಂಗಸರನ್ನು ಕುಣಿಸುವ ಬಾರು ಎಂಬ ಅರ್ಥ ಅಂಟಿಕೊಂಡಿತು. ಅಂಥ ಬಾರುಗಳ ಮೇಲೆ ಹಿಡಿತ ಸಾಧಿಸಲೆಂದು ನಗರದ ಪೊಲೀಸ್ ಕಮಿಷನರು 2005ರಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿಯ ಆದೇಶ ಹೊರಡಿಸಿದರು. ವರ್ಷಗಟ್ಟಲೆ ಮೊಕದ್ದಮೆ ನಡೆದು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ನಡುವೆ ಪೊಲೀಸರು ಹೋಟೆಲು ಪಬ್ಬುಗಳ ಮೇಲೆ ಬಿಗಿ ಮಾಡಿದಾಗ, ಬಾರಿನ ಕುಣಿತದ ಜೊತೆಗೆ ಗಿಟಾರು ನುಡಿಸುವವನ ಅನ್ನಕ್ಕೂ ಕಲ್ಲು ಬಿತ್ತು. ಪರವಾನಗಿಗೆ ಬೇಕಾದ ಕಟ್ಟಡದ ಕಾಗದಪತ್ರಗಳನ್ನು ಒದಗಿಸುವುದು ಸಣ್ಣ ಮಾಲೀಕನಿಗೆ ಆಗದ ಮಾತು. ವಾರಕ್ಕೆರಡು ರಾತ್ರಿ ನುಡಿಸಿ ಬಾಡಿಗೆ ಕಟ್ಟುತ್ತಿದ್ದ ವಾದ್ಯಗಾರ ಕೈಕಟ್ಟಿ ಕುಳಿತ. ದೊಡ್ಡ ಹೋಟೆಲುಗಳ ಬಳಿ ಕಾಗದಪತ್ರವಿತ್ತು, ಅಲ್ಲಿ ಸಂಗೀತ ನಿಲ್ಲಲಿಲ್ಲ. ಇಲ್ಲಿಯೂ ಗಿರಾಕಿ ಬೇಡವೆನ್ನಲಿಲ್ಲ. ಬಾಗಿಲು ಕಾಯುವವನು ಬೇಡವೆಂದ.

ವೇಷದ ಮಾತೇ ಬೇಕೆಂದರೆ, 1998ರಲ್ಲಿ ಹುಟ್ಟಿದ ಬೆಂಗಳೂರಿನ ಕ್ರಿಪ್ಟೋಸ್ ಮೇಳವಿದೆ. ನಮ್ಮ ಅಂಗಡಿಯವರು ಹೆದರುವ ವೇಷವೆಲ್ಲ ಅವರದು. ಆ ಹುಡುಗರು 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯ ಜಾತ್ರೆಯಲ್ಲಿ ನುಡಿಸಿ ಬಂದರು. ಹೌದು, ವಾಕೆನ್ ಒಂದು ಹಳ್ಳಿ. ಹೊಲಗಳ ನಡುವೆ ವರ್ಷಕ್ಕೊಮ್ಮೆ ಈ ಕರಿಯ ಅಂಗಿಯವರ ಜಾತ್ರೆ ಸೇರುತ್ತದೆ. ಹಳ್ಳಿಯ ಅಂಗಡಿಯವರು ಬಾಗಿಲು ಹಾಕಿಕೊಂಡು ಹೋಗುವುದಿಲ್ಲ, ಭರ್ಜರಿ ವ್ಯಾಪಾರ ಮಾಡುತ್ತಾರೆ. ನೇರ ಎದುರು ವೇಷದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು: ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ಶಿಶುನಾಳ ಶರೀಫರ ಪದ. ಈ ಸಾಧು ವೇಷಕ್ಕೂ ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಅವರ ಮೊದಲ ಮುದ್ರಿಕೆ ಬಂದದ್ದು 2008ರಲ್ಲಿ, ಮುಂಬಯಿಯ ಇಬ್ಬರು ಸಂಗೀತ ನಿರ್ದೇಶಕರು ಕೈಹಿಡಿದ ಮೇಲೆ. ಆಮೇಲೆ ಬಿಬಿಸಿಯ ದೂರದರ್ಶನದಲ್ಲಿಯೂ ಅವರ ಹಾಡು ಬಂತು. ಕಂಪನಿಗಳ ತಕರಾರು ವೇಷದ ಮೇಲಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕಂಡು ಗೊತ್ತಿಲ್ಲದ ಸರಕಿಗೆ ದುಡ್ಡು ಹಾಕಲು ಅವಕ್ಕೆ ಅಂಜಿಕೆ, ಅಷ್ಟೆ.

ಕೆಣಕಿದರೆಂಬ ಹೆಸರು ತಾವು ಬೇಡದೆಯೇ ತಲೆಗೆ ಬಿದ್ದವರೂ ಇದ್ದಾರೆ. 2012ರ ಡಿಸೆಂಬರಿನಲ್ಲಿ ಶ್ರೀನಗರದ ಮೂವರು ಶಾಲಾ ಹುಡುಗಿಯರು ‘ಪ್ರಗಾಶ್’ ಎಂಬ ರಾಕ್ ಮೇಳ ಕಟ್ಟಿ ಒಂದು ಸ್ಪರ್ಧೆಯಲ್ಲಿ ನುಡಿಸಿದರು. ಹೆಸರಿನ ಅರ್ಥ ಬೆಳಕು. ಅವರು ಯಾರನ್ನೂ ಬೈದಿರಲಿಲ್ಲ, ಎಲ್ಲಿಯೂ ಸೈತಾನನ ಚಿತ್ರ ಬರೆದಿರಲಿಲ್ಲ. ಹುಡುಗಿಯರು ಗಿಟಾರು ಹಿಡಿದದ್ದೇ ಕೆಣಕು ಎನಿಸಿತು. ಬೆದರಿಕೆಗಳ ಸುರಿಮಳೆಯಾಯಿತು, ಮುಫ್ತಿಯೊಬ್ಬರ ಫತ್ವಾ ಬಂತು. 2013ರ ಫೆಬ್ರವರಿಯಲ್ಲಿ ಮೇಳ ಮುಚ್ಚಿತು. ಸೆಕ್ಸ್ ಪಿಸ್ತೂಲ್ಸ್ ಹುಡುಗರು ಕೆಟ್ಟ ಹೆಸರಿನಿಂದ ಹಣ ಮಾಡಿದರು. ಈ ಮಕ್ಕಳಿಗೆ ಆ ದಾರಿಯೇ ಇರಲಿಲ್ಲ. ಹಿಂದೆ ವಕೀಲ, ಮ್ಯಾನೇಜರು, ಕಂಪನಿ ಇದ್ದವನಿಗೆ ಗದ್ದಲ ಜಾಹೀರಾತು. ಯಾರೂ ಇಲ್ಲದವರಿಗೆ ಅದೇ ಗದ್ದಲ ಕುತ್ತಿಗೆಗೆ ಹಗ್ಗ.

ಪಕ್ಕದ ಚೆನ್ನೈನಲ್ಲಿ 2018ರ ಜನವರಿಯಲ್ಲಿ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಎಂಬ ಮೇಳ ವೇದಿಕೆ ಹತ್ತಿತು. ಚಿತ್ರ ನಿರ್ದೇಶಕ ಪಾ. ರಂಜಿತ್ ಅದರ ಬೆನ್ನಿಗೆ ನಿಂತವರು. ಕೇರಿಯ ಗಾನಾ ಪದ, ರಾಪ್, ರಾಕ್ ಮೂರನ್ನೂ ಕಲಸಿ ಜಾತಿಯ ಮೇಲೆ, ಮಲಹೊರುವ ಕೆಲಸದ ಮೇಲೆ ಹಾಡಿದ ಅವರು ತೊಟ್ಟದ್ದು ಹರಿದ ಅಂಗಿಯಲ್ಲ, ಅಂಬೇಡ್ಕರರಂತೆ ಅಚ್ಚುಕಟ್ಟಾದ ಸೂಟು. ನೋಡಿ, ಕೆಲವರ ಮೈಮೇಲೆ ಹರಿದ ಬಟ್ಟೆ ಕೆಣಕು. ಕೇರಿಯ ಹುಡುಗನ ಮೈಮೇಲೆ ಇಸ್ತ್ರಿ ಮಾಡಿದ ಸೂಟೇ ಕೆಣಕು! ಅಂದಮೇಲೆ ಕೆಣಕು ಬಟ್ಟೆಯಲ್ಲಿಲ್ಲ, ನೋಡುವವನ ಗದ್ದುಗೆಯಲ್ಲಿದೆ.

ಈಗ ನಮ್ಮೂರಿನ ತಕರಾರಿಗೆ ತೀರ್ಪು ಹೇಳಬಹುದು. ಕೆಣಕುವ ವೇಷದಿಂದ ಜನ ಬಾರದೆ ಹೋಗುತ್ತಾರೆಂಬ ಭಯಕ್ಕೆ ಆಧಾರ ಕಡಿಮೆ. ಕುಡಿತದ ಲೆಕ್ಕ ಹೇಳುವ ಹಾಡುಗಳು ನಮ್ಮ ಮದುವೆ ಮೆರವಣಿಗೆಗಳಲ್ಲಿ ಹೆಂಗಸರು ಮಕ್ಕಳ ಮುಂದೆಯೇ ಮೊಳಗುತ್ತವೆ. ಹಾಡುವವನು ಬಿಳಿಯ ಅಂಗಿ ತೊಟ್ಟಿದ್ದರೆ ಯಾವ ವಂತಿಗೆಯೂ ನಿಲ್ಲುವುದಿಲ್ಲ. ಕರಿಯ ಅಂಗಿಯ ಹುಡುಗ ರೈತನ ಸಾಲದ ಮೇಲೆ, ವಾಣಿವಿಲಾಸ ಸಾಗರದ ನೀರಿನ ಮೇಲೆ ಹಾಡಿದರೆ ಮಾತ್ರ ನಮಗೆ ಸಂಸ್ಕೃತಿ ನೆನಪಾಗುವುದಾದರೆ, ತಪ್ಪು ತಕ್ಕಡಿಯಲ್ಲಿದೆ.

ಸಣ್ಣ ವ್ಯಾಪಾರಿ ಬಂಧುಗಳಿಗೆ ನಮ್ಮ ವಿನಂತಿ ಇಷ್ಟೇ. ವಂತಿಗೆ ಕೊಡುವ ಮೊದಲು ಹಾಡು ಕೇಳಿಸಿ ಎನ್ನಿ, ಅದು ನಿಮ್ಮ ಹಕ್ಕು. ಅಂಗಿಯ ಬಣ್ಣ ಕೇಳಬೇಡಿ. ಒಬ್ಬ ದೊಡ್ಡ ಕುಳದ ಫ್ಲೆಕ್ಸು ಕಟ್ಟಿ ಅವನ ಲಕ್ಷ ರೂಪಾಯಿ ತರುವುದಕ್ಕಿಂತ ಸಾವಿರ ಅಂಗಡಿಗಳ ನೂರು ನೂರು ರೂಪಾಯಿ ಲೇಸು. ಮೊತ್ತ ಒಂದೇ, ಆದರೆ ಮೊದಲನೆಯದರಲ್ಲಿ ವೇದಿಕೆ ಅವನದು, ಎರಡನೆಯದರಲ್ಲಿ ಊರಿನದು. ಗಿರಣಿಯ ಬಂಧುಗಳೂ ಹತ್ತಿಪ್ಪತ್ತು ರೂಪಾಯಿ ಹಾಕಿ ಆ ಪುಸ್ತಕದಲ್ಲಿ ತಮ್ಮ ಹೆಸರು ಬರೆಯಿಸಬೇಕು. ‘ಲಂಚಾವತಾರ’ವನ್ನು ಬದುಕಿಸಿದ್ದು ಇಂಥ ಚಿಲ್ಲರೆ ಕಾಸೇ.

ಹಾಡುವ ಹುಡುಗರಿಗೂ ಎರಡು ಮಾತು. ವೇಷ ನಿಮಗೆ ಬಿಟ್ಟದ್ದು, ಆದರೆ ಕಾಗದ ಓದದೆ ಸಹಿ ಹಾಕಬೇಡಿ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯಿದೆಯ ಪ್ರಕಾರ, ಚಿತ್ರಕ್ಕಾಗಲಿ ಧ್ವನಿಮುದ್ರಿಕೆಗಾಗಲಿ ಹಾಡು ಬರೆದವನಿಗೂ ರಾಗ ಹಾಕಿದವನಿಗೂ ರಾಯಧನದಲ್ಲಿ ಸಮಪಾಲಿದೆ. ಆ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಈ ಹಕ್ಕಿಗಾಗಿ ನಮ್ಮ ದೇಶದ ಹಾಡುಬರಹಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಮೇಳ ಕಟ್ಟುವ ದಿನವೇ ಯಾರ ಪಾಲೆಷ್ಟೆಂದು ನಿಮ್ಮೊಳಗೂ ಬರೆದಿಟ್ಟುಕೊಳ್ಳಿ. ಗಿರಣಿಯಲ್ಲಿ ಪಾಳಿಯ ಹಾಜರಿ ಪುಸ್ತಕ ತಪ್ಪದಂತೆ ನಿಮ್ಮ ಲೆಕ್ಕದ ಪುಸ್ತಕವೂ ತಪ್ಪಬಾರದು.

ಆಮೇಲೆ ಕೆಣಕಿ, ಧಾರಾಳವಾಗಿ ಕೆಣಕಿ. ಕೆಣಕುವಾಗ ಕತ್ತೆತ್ತಿ ಮೇಲೆ ನೋಡಿ ಕೆಣಕಿ. ಅಂಥ ಹಾಡಿಗೆ ಸಭಾಂಗಣ ಸಿಗದಿದ್ದರೆ ಸಂತೆ ಮೈದಾನವಿದೆ; ಟಿಕೆಟ್ಟು ಕೊಳ್ಳಲು ನಮ್ಮ ದುಡಿಯುವ ಜನರಿದ್ದಾರೆ.